ದರ್ಜಿಯ ಮಗನೂ ಮೊಬೈಲಿನ ಹಾಡೂ



ನಾವೆಲ್ಲ ಮೊಬೈಲಿನಲ್ಲಿ ಹಾಡು ಕೇಳುತ್ತೇವೆ. ಒಂದೇ ಹಾಡು ಒಬ್ಬರ ಮೊಬೈಲಿನಲ್ಲಿ ಇಂಪಾಗಿರುತ್ತದೆ, ಇನ್ನೊಬ್ಬರದರಲ್ಲಿ ಡಬ್ಬದೊಳಗೆ ಕೂತು ಹಾಡಿದ ಹಾಗೆ ಕೇಳಿಸುತ್ತದೆ. ಯಾವಾಗಲೂ ಸ್ಪೀಕರಿನದೇ ತಪ್ಪು ಅಲ್ಲ. ಹಾಡನ್ನು ಎಷ್ಟು ಕುಗ್ಗಿಸಿದ್ದಾರೆ ಅನ್ನೋದೂ ಒಂದು ಕಾರಣ. ಹೀಗೆ ಕುಗ್ಗಿಸುವ ವಿದ್ಯೆಗೆ ತಳಪಾಯ ಹಾಕಿದವರು ಮೊಬೈಲು, ರೇಡಿಯೋ, ಗ್ರಾಮಫೋನು ಯಾವುದನ್ನೂ ನೋಡದೆ ತೀರಿಕೊಂಡ ಒಬ್ಬ ಗಣಿತಜ್ಞರು. ಅವರ ಹೆಸರು ಜೋಸೆಫ್ ಫೂರಿಯರ್.

ಫೂರಿಯರ್‌ರವರು 1768ನೇ ಇಸವಿ ಮಾರ್ಚ್ 21ರಂದು ಫ್ರಾನ್ಸ್ ದೇಶದ ಓಸೇರ್ ಎಂಬ ಊರಿನಲ್ಲಿ ಹುಟ್ಟಿದರು. ತಂದೆ ಬಟ್ಟೆ ಹೊಲಿಯುವ ದರ್ಜಿ. ಮನೆ ತುಂಬ ಮಕ್ಕಳು. ಒಂಬತ್ತು ವರ್ಷವಾದಾಗ ತಾಯಿ ಹೋದರು, ಮರುವರ್ಷ ತಂದೆಯೂ ಹೋದರು. ತಬ್ಬಲಿ ಹುಡುಗನನ್ನು ಊರಿನವರು ಕೈಬಿಡಲಿಲ್ಲ, ಸಂನ್ಯಾಸಿಗಳು ನಡೆಸುತ್ತಿದ್ದ ಶಾಲೆಗೆ ಸೇರಿಸಿದರು. 13ನೇ ವಯಸ್ಸಿಗೆ, ಅಂದರೆ ನಮ್ಮ ವಯಸ್ಸಿಗೆ, ಅವರಿಗೆ ಗಣಿತದ ಹುಚ್ಚು ಹಿಡಿಯಿತು. ಉರಿದು ಉಳಿದ ಮೇಣದ ಬತ್ತಿಯ ತುಂಡುಗಳನ್ನು ಆರಿಸಿಟ್ಟುಕೊಂಡು ರಾತ್ರಿ ಲೆಕ್ಕ ಮಾಡುತ್ತಿದ್ದರು ಅಂತ ಹೇಳುತ್ತಾರೆ.

ಸೈನ್ಯದ ಫಿರಂಗಿ ದಳಕ್ಕೆ ಸೇರಬೇಕು ಎಂದು ಅವರಿಗೆ ಆಸೆ ಇತ್ತು. ಆದರೆ ದೊಡ್ಡ ಮನೆತನದವರಲ್ಲ ಎಂಬ ಕಾರಣಕ್ಕೆ ಸೇರಿಸಿಕೊಳ್ಳಲಿಲ್ಲ. ದರ್ಜಿಯ ಮಗ ಅಲ್ಲವೇ! ಕೊನೆಗೆ ತಾವು ಓದಿದ ಶಾಲೆಯಲ್ಲಿಯೇ ಮೇಷ್ಟರಾದರು.

ಆಗ ಫ್ರಾನ್ಸಿನಲ್ಲಿ ಕ್ರಾಂತಿಯ ಕಾಲ. 1794ರಲ್ಲಿ ಫೂರಿಯರ್‌ರವರನ್ನೂ ಹಿಡಿದು ಜೈಲಿಗೆ ಹಾಕಿದರು. ಆ ದಿನಗಳಲ್ಲಿ ಜೈಲಿಗೆ ಹೋದವರ ತಲೆ ಉಳಿಯುವುದೇ ಅನುಮಾನ. ಅಷ್ಟರಲ್ಲಿ ಜುಲೈ 28ರಂದು ನಾಯಕ ರೋಬೆಸ್ಪಿಯರನ ತಲೆಯನ್ನೇ ಕತ್ತರಿಸಿದರು. ಆಳ್ವಿಕೆ ಬದಲಾಯಿತು, ಫೂರಿಯರ್‌ರವರು ಬಿಡುಗಡೆಯಾದರು. 1798ರಲ್ಲಿ ನೆಪೋಲಿಯನ್ ಜೊತೆ ಈಜಿಪ್ಟಿಗೆ ಹೋದರು. ಮರಳಿ ಬಂದಾಗ ನೆಪೋಲಿಯನ್ ಅವರನ್ನು ಗ್ರೆನೋಬಲ್ ಪಟ್ಟಣದಲ್ಲಿ ನಮ್ಮ ಜಿಲ್ಲಾಧಿಕಾರಿಯಂಥ ಹುದ್ದೆಗೆ ಹಾಕಿದನು. ಅಲ್ಲಿ ಅವರು ಜೌಗು ನೆಲದ ನೀರು ಬಸಿಸಿದರು, ರಸ್ತೆ ಮಾಡಿಸಿದರು. ಇಷ್ಟೆಲ್ಲ ಕೆಲಸದ ನಡುವೆಯೂ ಲೆಕ್ಕ ಬಿಡಲಿಲ್ಲ.

ಕಾದ ಕಬ್ಬಿಣದಲ್ಲಿ ಶಾಖ ಹೇಗೆ ಹರಿಯುತ್ತದೆ ಎಂದು ಯೋಚಿಸುತ್ತಾ ಅವರಿಗೆ ಒಂದು ವಿಷಯ ಹೊಳೆಯಿತು. ಎಂಥ ಅಂಕುಡೊಂಕಿನ ಗೆರೆಯಾದರೂ ಸರಿ, ಅದನ್ನು ಸರಳವಾದ ಅಲೆಗಳನ್ನು ಕೂಡಿಸಿ ಮಾಡಬಹುದು. 1807ರಲ್ಲಿ ಇದನ್ನು ಬರೆದು ಪ್ಯಾರಿಸಿನ ವಿದ್ವಾಂಸರಿಗೆ ಒಪ್ಪಿಸಿದರು. ಲಗ್ರಾಂಜ್ ಎಂಬ ಮಹಾ ಗಣಿತಜ್ಞರು ಒಪ್ಪಲಿಲ್ಲ. 1811ರಲ್ಲಿ ತಿದ್ದಿ ಸ್ಪರ್ಧೆಗೆ ಕೊಟ್ಟರು, ಬಹುಮಾನ ಬಂತು, ಆದರೂ ಸಾಧನೆಯಲ್ಲಿ ಕೊರತೆ ಇದೆ ಅಂದರು. ಆ ಮಾತು ಪೂರ್ತಿ ಸುಳ್ಳೂ ಅಲ್ಲ. 1829ರಲ್ಲಿ ಡಿರಿಕ್ಲೆ ಎಂಬುವರು ಆ ಕೊರತೆಯನ್ನು ಬಹುಪಾಲು ತುಂಬಿದರು. ಫೂರಿಯರ್‌ರವರ ಪುಸ್ತಕ ಅಚ್ಚಾದದ್ದು 1822ರಲ್ಲಿ. ಅಂದರೆ 15 ವರ್ಷ ಕಾದರು!

ಇದಕ್ಕೂ ಹಾಡಿಗೂ ಏನು ಸಂಬಂಧ ಅಂತೀರಾ? ಶಬ್ದವೂ ಒಂದು ಅಂಕುಡೊಂಕಿನ ಅಲೆಯೇ. ಅದನ್ನೂ ಫೂರಿಯರ್‌ರವರ ದಾರಿಯಲ್ಲಿ ಬಿಡಿಸಿದರೆ ಇಷ್ಟು ದಪ್ಪ ಸ್ವರ, ಇಷ್ಟು ಕೀಚಲು ಸ್ವರ ಎಂದು ಬೇರೆಬೇರೆ ಸಿಗುತ್ತದೆ. 1990ರ ದಶಕದಲ್ಲಿ ಬಂದ ಎಂ.ಪಿ.3 ಎಂಬ ಪದ್ಧತಿ ಮಾಡುವುದು ಇದನ್ನೇ. ಬಿಡಿಸಿದ ಮೇಲೆ ನಮ್ಮ ಕಿವಿಗೆ ಕೇಳದ್ದನ್ನು ಬಿಸಾಕುತ್ತದೆ. ಜಾತ್ರೆಯಲ್ಲಿ ತಮಟೆ ಬಡಿಯುವಾಗ ಪಕ್ಕದವರ ಪಿಸುಮಾತು ನಮಗೆ ಕೇಳುತ್ತದೆಯೇ? ಹಾಡಿನಲ್ಲಿಯೂ ಜೋರು ಸ್ವರದ ಹಿಂದೆ ಅಡಗಿದ ಸಣ್ಣ ಸ್ವರ ಕೇಳುವುದಿಲ್ಲ. ಅದನ್ನು ಬಿಟ್ಟರೆ ಜಾಗ ಉಳಿಯಿತು.

ಎಷ್ಟು ಉಳಿಸಬೇಕು ಎಂಬ ಲೆಕ್ಕವೇ ಬಿಟ್‌ರೇಟ್. ಬಿಟ್ ಎಂದರೆ ಒಂದು ಸೊನ್ನೆ ಇಲ್ಲವೇ ಒಂದು ಒಂದು. ಒಂದು ಸೆಕೆಂಡಿನ ಹಾಡಿಗೆ ಎಷ್ಟು ಬಿಟ್ ಕೊಡುತ್ತೇವೋ ಅದು ಬಿಟ್‌ರೇಟ್. ಸಿ.ಡಿ.ಯಲ್ಲಿ ಸೆಕೆಂಡಿಗೆ 14,11,200 ಬಿಟ್. ಎಂ.ಪಿ.3ರಲ್ಲಿ 128 ಕಿಲೋಬಿಟ್ ಅಂದರೆ 1,28,000 ಮಾತ್ರ, ಹತ್ತಿರ ಹತ್ತಿರ 11ರಲ್ಲಿ ಒಂದು ಪಾಲು. 3 ನಿಮಿಷದ ಹಾಡು ಸಿ.ಡಿ.ಯಲ್ಲಿ ಸುಮಾರು 32 ಎಂ.ಬಿ. ಆದರೆ, 320 ಕಿಲೋಬಿಟ್ಟಿನಲ್ಲಿ ಸುಮಾರು 7, 128ರಲ್ಲಿ ಸುಮಾರು 3 ಎಂ.ಬಿ. ಅಷ್ಟೇ.

ನಮ್ಮ ಅಜ್ಜಿ ಮೊರದಲ್ಲಿ ಕೇರುವುದನ್ನು ನೆನಪಿಸಿಕೊಳ್ಳಿ. ಹದವಾಗಿ ಕೇರಿದರೆ ಹೊಟ್ಟು ಹಾರುತ್ತದೆ, ಕಾಳು ಉಳಿಯುತ್ತದೆ. ಜೋರಾಗಿ ಕೇರಿದರೆ ಕಾಳೂ ಹಾರಿಹೋಗುತ್ತದೆ. 320 ಇದ್ದಾಗ ಹೋಗುವುದು ಬಹುಪಾಲು ಹೊಟ್ಟು. 64ಕ್ಕೆ ಇಳಿಸಿದರೆ ಕಾಳೂ ಹೋಯಿತು. ತಾಳದ ಕಿಣಿಕಿಣಿ ಮಂಕಾಗುತ್ತದೆ, ಚಪ್ಪಾಳೆ ನೀರು ಸುರಿದ ಹಾಗೆ ಕೇಳುತ್ತದೆ. ಇನ್ನೊಂದು ವಿಷಯ. 64ರ ಹಾಡನ್ನು ಮತ್ತೆ 320 ಮಾಡಿದರೆ ಫೈಲು ದೊಡ್ಡದಾಗುತ್ತದೆಯೇ ಹೊರತು ಹೋದ ಸ್ವರ ಬರುವುದಿಲ್ಲ. ಹಾರಿಹೋದ ಕಾಳು ಮೊರಕ್ಕೆ ವಾಪಸು ಬರುತ್ತದೆಯೇ? ಆದ್ದರಿಂದ ಅಜ್ಜ ಅಜ್ಜಿ ಹಾಡುವ ಸೋಬಾನೆ ಪದ ರೆಕಾರ್ಡ್ ಮಾಡುವವರು ಮೊದಲೇ ಹೆಚ್ಚಿನ ಬಿಟ್‌ರೇಟ್ ಇಟ್ಟುಕೊಳ್ಳುವುದು ಒಳ್ಳೇದು. ಬೇಕಾದರೆ ಆಮೇಲೆ ಕುಗ್ಗಿಸಬಹುದು.

ಈಜಿಪ್ಟಿನಿಂದ ಬಂದ ಮೇಲೆ ಫೂರಿಯರ್‌ರವರಿಗೆ ಚಳಿ ಆಗುತ್ತಿರಲಿಲ್ಲ. ಸದಾ ದಪ್ಪ ಬಟ್ಟೆ ಸುತ್ತಿಕೊಂಡು ಬೆಚ್ಚಗೆ ಇರುತ್ತಿದ್ದರು. 1830ನೇ ಇಸವಿ ಮೇ 16ರಂದು ಪ್ಯಾರಿಸಿನಲ್ಲಿ ತೀರಿಕೊಂಡರು. ಆಗ ಅವರಿಗೆ 62 ವರ್ಷ. ಐಫೆಲ್ ಗೋಪುರದ ಮೇಲೆ ಬರೆದಿರುವ 72 ಹೆಸರುಗಳಲ್ಲಿ ಅವರದೂ ಒಂದು.

ದರ್ಜಿಯ ಮಗ ಎಂದು ಸೈನ್ಯ ಬೇಡ ಅಂದಿತು, ಸರಿಯಿಲ್ಲ ಎಂದು ದೊಡ್ಡ ವಿದ್ವಾಂಸರು ಬೇಡ ಅಂದರು. ಅವರು ತಿದ್ದಿ ತಿದ್ದಿ ಬರೆದರು. ಸ್ನೇಹಿತರೇ, ಲೆಕ್ಕ ತಪ್ಪಾಗಿ ಮೇಷ್ಟರು ಕೆಂಪು ಗೀಟು ಎಳೆದ ದಿನ ಅಳಬೇಡಿ. ಫೂರಿಯರ್‌ರವರನ್ನು ನೆನೆದು ಇನ್ನೊಂದು ಸಲ ಮಾಡಿ.

- 7ನೇ ತರಗತಿ