ಕೊಟ್ಟು ಗೆದ್ದ ಉಪಾಧ್ಯಾಯ

ಚದುರಂಗ ಭಾರತದಲ್ಲಿ ಹುಟ್ಟಿದ ಆಟ. ರಥ, ಗಜ, ತುರಗ, ಪದಾತಿಗಳೆಂಬ ಸೇನೆಯ ನಾಲ್ಕು ಅಂಗಗಳಿಂದಲೇ ಅದಕ್ಕೆ ಚತುರಂಗವೆಂಬ ಹೆಸರು ಬಂದಿತು. ಇಲ್ಲಿಂದ ಅದು ಪರ್ಷಿಯಾ ದೇಶಕ್ಕೂ, ಅನಂತರ ಅರಬ್ಬರ ಮೂಲಕ ಯೂರೋಪಿಗೂ ಸಾಗಿತು. ದಾರಿಯಲ್ಲಿ ಕಾಯಿಗಳ ಹೆಸರುಗಳು ಬದಲಾದವು. ಕೆಲವು ಕಾಯಿಗಳ ನಡೆಯೂ ಬದಲಾಯಿತು. ನಮ್ಮ ಮಂತ್ರಿ ಯೂರೋಪಿನಲ್ಲಿ ರಾಣಿಯಾಯಿತು. ನಮ್ಮ ಒಂಟೆ ಇಂಗ್ಲಿಷರ ಬಾಯಲ್ಲಿ ಬಿಷಪ್ಪನಾಯಿತು. ಆದರೆ ಕುದುರೆಯ ನಡೆ ಮಾತ್ರ ಇದ್ದಂತೆಯೇ ಉಳಿಯಿತು. ಎರಡು ಮನೆ ನೇರವಾಗಿ ಸಾಗಿ, ಒಂದು ಮನೆ ಪಕ್ಕಕ್ಕೆ ಸರಿದು, ನಡುವೆ ಯಾರಿದ್ದರೂ ಲೆಕ್ಕಿಸದೆ ಹಾರುವ ಕಾಯಿ ಅದೊಂದೇ. ಈ ವಿಚಿತ್ರ ನಡೆಗೆ ಮರುಳಾದವರು ಹಲವರು. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು, ಕುದುರೆಯು ಅರುವತ್ತನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಬಂಧಗಳನ್ನು ರಚಿಸುವುದರಲ್ಲಿ ನಿಷ್ಣಾತರಾಗಿದ್ದರು. ಅದೇ ಕಾಲದಲ್ಲಿ ದೂರದ ಜರ್ಮನ್ ನಾಡಿನ ಒಬ್ಬ ಶಾಲಾ ಉಪಾಧ್ಯಾಯನು, ಬೆಲೆಯುಳ್ಳ ಕಾಯಿಗಳನ್ನು ಬೇಕೆಂದೇ ಬಲಿಕೊಟ್ಟು ಗೆಲ್ಲುವ ಕಲೆಯಿಂದ ಜಗತ್ತನ್ನು ಬೆರಗುಗೊಳಿಸಿದನು. ಅವನೇ ಅಡಾಲ್ಫ್ ಆಂಡರ್ಸನ್.

ಆಂಡರ್ಸನ್ 1818ನೆಯ ಜುಲೈ 6ರಂದು ಪ್ರಷ್ಯಾ ರಾಜ್ಯದ ಬ್ರೆಸ್ಲೌ ನಗರದಲ್ಲಿ ಜನಿಸಿದನು. ಒಂಬತ್ತನೆಯ ವಯಸ್ಸಿನಲ್ಲಿ ತಂದೆಯೇ ಅವನಿಗೆ ಚದುರಂಗವನ್ನು ಕಲಿಸಿದನು. ಹುಡುಗನು ಹಿರಿಯ ಆಟಗಾರರ ಪಂದ್ಯಗಳ ಪುಸ್ತಕವನ್ನು ಮುಂದಿಟ್ಟುಕೊಂಡು, ಒಂದೊಂದು ನಡೆಯನ್ನೂ ಹಾಸಿನ ಮೇಲೆ ಮತ್ತೆ ಮತ್ತೆ ನಡೆಸಿ ನೋಡುತ್ತಿದ್ದನು. ವಿಶ್ವವಿದ್ಯಾನಿಲಯದಲ್ಲಿ ಗಣಿತವನ್ನೂ ತತ್ತ್ವಶಾಸ್ತ್ರವನ್ನೂ ಓದಿದ ಆತನು 1847ರಲ್ಲಿ ತನ್ನ ಊರಿನ ಪ್ರೌಢಶಾಲೆಯೊಂದರಲ್ಲಿ ಉಪಾಧ್ಯಾಯನಾದನು. ಆತನು ಮದುವೆಯಾಗಲಿಲ್ಲ. ವಿಧವೆಯಾದ ತಾಯಿ ಮತ್ತು ಅವಿವಾಹಿತೆಯಾದ ಸೋದರಿಯೊಡನೆ ಸರಳವಾಗಿ ಬಾಳಿದನು. ಹಗಲು ಶಾಲೆಯಲ್ಲಿ ಗಣಿತಪಾಠ, ಬಿಡುವಿನಲ್ಲಿ ಚದುರಂಗ, ಇದೇ ಅವನ ಜೀವನಕ್ರಮ. 1842ರಲ್ಲಿಯೇ ಅವನು ಚದುರಂಗದ ಅರುವತ್ತು ಸಮಸ್ಯೆಗಳ ಸಂಗ್ರಹವೊಂದನ್ನು ಪ್ರಕಟಿಸಿದ್ದನು. ಆದರೂ ಬ್ರೆಸ್ಲೌ ನಗರದ ಈ ಉಪಾಧ್ಯಾಯನು ಯೂರೋಪಿನ ಅಗ್ರಗಣ್ಯ ಆಟಗಾರನಾದಾನೆಂದು ಯಾರೂ ಊಹಿಸಿರಲಿಲ್ಲ.

1851ರಲ್ಲಿ ಲಂಡನ್ನಿನಲ್ಲಿ ಒಂದು ಮಹಾ ವಸ್ತುಪ್ರದರ್ಶನ ನಡೆಯಿತು. ಅದೇ ಸಂದರ್ಭದಲ್ಲಿ ಇಂಗ್ಲೆಂಡಿನ ಪ್ರಸಿದ್ಧ ಆಟಗಾರ ಹೋವರ್ಡ್ ಸ್ಟಾಂಟನ್ ಮೊತ್ತಮೊದಲ ಅಂತರರಾಷ್ಟ್ರೀಯ ಚದುರಂಗ ಸ್ಪರ್ಧೆಯನ್ನು ಏರ್ಪಡಿಸಿದನು. ಆಂಡರ್ಸನ್‌ಗೂ ಕರೆ ಬಂದಿತು. ಆದರೆ ಉಪಾಧ್ಯಾಯನ ಸಂಬಳದಲ್ಲಿ ಅಷ್ಟು ದೂರದ ಪ್ರಯಾಣದ ವೆಚ್ಚವನ್ನು ಭರಿಸುವುದು ಸುಲಭವಾಗಿರಲಿಲ್ಲ. ಅವನು ಹಿಂದೆಗೆದುದನ್ನು ಕಂಡ ಸ್ಟಾಂಟನ್, ಬಹುಮಾನ ದೊರೆಯದಿದ್ದಲ್ಲಿ ಪ್ರಯಾಣದ ಖರ್ಚನ್ನು ತಾನೇ ಕೊಡುವುದಾಗಿ ಒಪ್ಪಿಕೊಂಡನು. ಆ ಔದಾರ್ಯಕ್ಕೆ ಬೆಲೆ ತೆರುವ ಸಂದರ್ಭ ಸ್ಟಾಂಟನ್‌ಗೆ ಬರಲಿಲ್ಲ. ಬೇರೊಂದು ಬೆಲೆಯನ್ನು ಅವನು ತೆರಬೇಕಾಯಿತು. ಹದಿನಾರು ಮಂದಿಯ ಆ ಸ್ಪರ್ಧೆಯಲ್ಲಿ ಆಂಡರ್ಸನ್ ಸ್ಟಾಂಟನ್ನನನ್ನೂ ಸೋಲಿಸಿ ಪ್ರಥಮ ಬಹುಮಾನವನ್ನು ಪಡೆದನು.

ಆದರೆ ಆಂಡರ್ಸನ್ನನ ಹೆಸರನ್ನು ಚಿರಸ್ಥಾಯಿಯಾಗಿಸಿದ್ದು ಸ್ಪರ್ಧೆಯ ಪಂದ್ಯವಲ್ಲ. ಸ್ಪರ್ಧೆಯ ನಡುವಿನ ಬಿಡುವಿನಲ್ಲಿ, ಜೂನ್ 21ರಂದು, ಆತನು ಕೀಸೆರಿಟ್ಸ್ಕಿ ಎಂಬ ಆಟಗಾರನೊಡನೆ ಸುಮ್ಮನೆ ಸ್ನೇಹಕ್ಕಾಗಿ ಒಂದು ಆಟವಾಡಿದನು. ಬಿಳಿಯ ಕಾಯಿಗಳು ಆಂಡರ್ಸನ್ನನವು. ಆಟದ ಆರಂಭದಲ್ಲಿಯೇ ಅವನು ಒಂದು ಪದಾತಿಯನ್ನು ಬಿಟ್ಟುಕೊಟ್ಟನು. ಅನಂತರ ಅವನ ಒಂಟೆಯೊಂದು ಎದುರಾಳಿಯ ಪದಾತಿಗೆ ಸಿಕ್ಕಿಬಿದ್ದಿತು. ಅವನು ಅದನ್ನು ಉಳಿಸಿಕೊಳ್ಳಲು ಹೋಗದೆ, ಕೀಸೆರಿಟ್ಸ್ಕಿಯ ಮಂತ್ರಿಯನ್ನು ಅಟ್ಟಾಡಿಸುವುದರಲ್ಲಿ ತೊಡಗಿದನು. ಮಂತ್ರಿಗೆ ಓಡಲು ದಾರಿ ಮಾಡಿಕೊಡುವುದಕ್ಕಾಗಿ ಕೀಸೆರಿಟ್ಸ್ಕಿಯು ತನ್ನ ಕುದುರೆಯನ್ನು ಮೊದಲಿದ್ದ ಮನೆಗೇ ಹಿಂದೆ ಸರಿಸಬೇಕಾಯಿತು. ಅವನ ಮಂತ್ರಿಯು ಕೊನೆಗೆ ಆಂಡರ್ಸನ್ನನ ಆನೆಗಳ ಮೇಲೆ ಕಣ್ಣಿಟ್ಟು ಹಾಸಿನ ದೂರದ ಮೂಲೆಗೆ ಹೋಯಿತು. ಆಂಡರ್ಸನ್ ಎರಡು ಆನೆಗಳನ್ನೂ ಬಿಟ್ಟುಕೊಟ್ಟನು. ಅವು ಒಂದೊಂದಾಗಿ ಬೀಳುತ್ತಿದ್ದ ಹೊತ್ತಿನಲ್ಲಿ ಅವನು ಒಂದು ಪದಾತಿಯನ್ನು ನಿಧಾನವಾಗಿ ಒಂದು ಮನೆ ಮುಂದಕ್ಕೆ ಸರಿಸಿದನು. ನೋಡುವವರಿಗೆ ಅದೊಂದು ಸಾಧಾರಣ ನಡೆ. ಆದರೆ ಆ ಪದಾತಿಯು ಮೂಲೆಗೆ ಹೋದ ಮಂತ್ರಿಯು ತನ್ನ ರಾಜನ ನೆರವಿಗೆ ಮರಳುವ ದಾರಿಗೆ ಗೋಡೆಯಂತೆ ಅಡ್ಡನಿಂತಿತು.

ಆಮೇಲೆ ಆಂಡರ್ಸನ್ನನ ಕುದುರೆಯೊಂದು ಎದುರಾಳಿಯ ಕೋಟೆಯೊಳಕ್ಕೆ ಹಾರಿ, ಪದಾತಿಯನ್ನು ಹೊಡೆದು, ರಾಜನಿಗೆ ಚೆಕ್ ಕೊಟ್ಟಿತು. ರಾಜನು ಪಕ್ಕದ ಮನೆಗೆ ಸರಿದನು. ಆಗ ಆಂಡರ್ಸನ್ ತನ್ನ ಮಂತ್ರಿಯನ್ನೇ ಒಯ್ದು ಎದುರಾಳಿಯ ಕುದುರೆಯ ಬಾಯಿಗೆ ಇಟ್ಟನು. ರಾಜನಿಗೆ ಚೆಕ್ ಇದ್ದುದರಿಂದ ಕುದುರೆಯು ಮಂತ್ರಿಯನ್ನು ಹೊಡೆಯಲೇಬೇಕಾಯಿತು. ಇದರ ಒಳಗುಟ್ಟು ಇಷ್ಟೆ: ಹಿಂದೆ ಸರಿದು ಸ್ವಸ್ಥಾನದಲ್ಲಿ ನಿಂತಿದ್ದ ಆ ಕುದುರೆಯೇ ರಾಜನ ಮುಂದಿನ ಒಂದು ಮನೆಯನ್ನು ಕಾಯುತ್ತಿತ್ತು. ಮಂತ್ರಿಯನ್ನು ಹೊಡೆಯಲು ಅದು ಸ್ಥಾನ ಬಿಟ್ಟೊಡನೆ ಆ ಮನೆ ಕಾವಲಿಲ್ಲದೆ ತೆರವಾಯಿತು. ಆಂಡರ್ಸನ್ನನ ಉಳಿದ ಒಂಟೆ ಅಲ್ಲಿಗೆ ಬಂದು ನಿಂತಿತು, ಆಟ ಮುಗಿಯಿತು. ಒಂದು ಒಂಟೆ, ಎರಡು ಕುದುರೆ, ಈ ಮೂರೇ ಕಾಯಿಗಳು ರಾಜನ ಎಲ್ಲ ದಾರಿಗಳನ್ನೂ ಮುಚ್ಚಿದ್ದವು.

ಚದುರಂಗದಲ್ಲಿ ಕಾಯಿಗಳ ಬೆಲೆಯನ್ನು ಅಂಕಗಳಿಂದ ಅಳೆಯುವ ವಾಡಿಕೆಯುಂಟು. ಪದಾತಿಗೆ 1, ಕುದುರೆಗೂ ಒಂಟೆಗೂ 3, ಆನೆಗೆ 5, ಮಂತ್ರಿಗೆ 9. ಈ ಲೆಕ್ಕದಂತೆ ಆಂಡರ್ಸನ್ ಆ ಆಟದಲ್ಲಿ ಒಂದು ಒಂಟೆ, ಎರಡು ಆನೆ, ಒಂದು ಮಂತ್ರಿ, ಎರಡು ಪದಾತಿ, ಒಟ್ಟು 24 ಅಂಕಗಳ ಕಾಯಿಗಳನ್ನು ಕಳೆದುಕೊಂಡನು. ಕೀಸೆರಿಟ್ಸ್ಕಿ ಕಳೆದುಕೊಂಡುದು ಕೇವಲ ಮೂರು ಪದಾತಿಗಳನ್ನು! ಕೂಡುವ ಲೆಕ್ಕದಲ್ಲಿ ಸೋತವನೇ ಆಟದಲ್ಲಿ ಗೆದ್ದಿದ್ದನು. ಕಾಯಿಯ ಬೆಲೆ ಅದರ ಹೆಸರಿನಲ್ಲಿಲ್ಲ, ಅದು ನಿಂತ ಸ್ಥಳದಲ್ಲಿದೆ ಎಂಬುದನ್ನು ಗಣಿತದ ಉಪಾಧ್ಯಾಯನು ಹೀಗೆ ತೋರಿಸಿಕೊಟ್ಟನು. ಮೂಲೆಯಲ್ಲಿದ್ದ ಮಂತ್ರಿಗಿಂತ ರಾಜನ ಬಳಿಯಿದ್ದ ಕುದುರೆಯೇ ಆ ಕ್ಷಣದಲ್ಲಿ ಹಿರಿದು. ಕೀಸೆರಿಟ್ಸ್ಕಿಯೂ ಸಾಮಾನ್ಯನಲ್ಲ. ತನ್ನ ಸೋಲನ್ನು ಮುಚ್ಚಿಡದೆ, ಆ ಆಟವನ್ನು ತನ್ನ ಪತ್ರಿಕೆಯಲ್ಲಿಯೇ ಅಚ್ಚುಮಾಡಿ ಜಗತ್ತಿಗೆ ತಿಳಿಸಿದನು. 1855ರಲ್ಲಿ ಅದಕ್ಕೆ ‘ಅಮರ ಪಂದ್ಯ’ ಎಂಬ ಹೆಸರು ಬಂದಿತು.

1852ರಲ್ಲಿ ಬರ್ಲಿನ್ನಿನಲ್ಲಿ ಡುಫ್ರೇನ್ ಎಂಬಾತನೊಡನೆ ಆಂಡರ್ಸನ್ ಆಡಿದ ಇನ್ನೊಂದು ಆಟ ‘ನಿತ್ಯಹರಿತ ಪಂದ್ಯ’ವೆಂದು ಹೆಸರಾಗಿದೆ. ಅಮರ ಪಂದ್ಯದಲ್ಲಿ ಕೊನೆಯವರೆಗೆ ಉಳಿದು ಗೆದ್ದವು ಕುದುರೆಗಳು. ಇಲ್ಲಿ ಗೆಲುವಿಗಾಗಿ ಮೊದಲು ಬಲಿಯಾದುದೇ ಕುದುರೆ. ಹದಿನೇಳನೆಯ ನಡೆಯಲ್ಲಿ ಆಂಡರ್ಸನ್ ತನ್ನ ಕುದುರೆಯನ್ನು ಶತ್ರುವಿನ ಪದಾತಿಯ ಬಾಯಿಗೇ ಹಾರಿಸಿ ಚೆಕ್ ಕೊಟ್ಟನು. ಪದಾತಿಯು ಕುದುರೆಯನ್ನು ಹೊಡೆಯಿತು. ಆಂಡರ್ಸನ್ನನ ಪದಾತಿಯು ಆ ಪದಾತಿಯನ್ನು ಹೊಡೆಯಿತು. ಹೀಗೆ ಅವನ ಪದಾತಿಯು ಪಕ್ಕಕ್ಕೆ ಸರಿದುದರಿಂದ ಹಿಂದೆ ನಿಂತಿದ್ದ ಆನೆಗೆ ದಾರಿ ತೆರೆಯಿತು. ಆದರೆ ಅಪಾಯವು ಎರಡು ಕಡೆಗೂ ಇತ್ತು. ಡುಫ್ರೇನನ ಆನೆಗೂ ಒಂದು ದಾರಿ ತೆರೆದಿತ್ತು. ಅವನ ಮಂತ್ರಿಯು ಎರಡನೆಯ ಕುದುರೆಯನ್ನೂ ಹೊಡೆದು, ಮುಂದಿನ ನಡೆಯಲ್ಲಿಯೇ ಆಂಡರ್ಸನ್ನನ ರಾಜನನ್ನು ಮುಗಿಸಲು ಸಿದ್ಧವಾಗಿ ನಿಂತಿತ್ತು. ಒಂದು ನಡೆ ತಪ್ಪಿದರೂ ಸರ್ವನಾಶ. ಆಂಡರ್ಸನ್ ಎದುರಾಳಿಗೆ ಆ ಒಂದು ನಡೆಯ ಬಿಡುವನ್ನು ಕೊಡಲಿಲ್ಲ. ಆನೆಯನ್ನು ಕೊಟ್ಟು ಚೆಕ್, ಮಂತ್ರಿಯನ್ನು ಕೊಟ್ಟು ಚೆಕ್, ಅನಂತರ ಒಂಟೆಯ ಚೆಕ್, ಹೀಗೆ ಒಂದರ ಮೇಲೊಂದು ಏಟು ಕೊಟ್ಟು ರಾಜನನ್ನು ಕಟ್ಟಿಹಾಕಿದನು.

ಇಂತಹ ಬಲಿಯನ್ನು ದುಡುಕೆಂದು ತಿಳಿಯಬಾರದು. ಕಾಯಿಯನ್ನು ಕೊಡುವ ಮೊದಲು ಎದುರಾಳಿಯು ಮಾಡಬಹುದಾದ ಉತ್ತರಗಳನ್ನು ಮನಸ್ಸಿನಲ್ಲಿಯೇ ಎಣಿಸಿ ನೋಡಬೇಕು. ಕೊಟ್ಟ ಕಾಯಿಗೆ ಪ್ರತಿಯಾಗಿ ಕಾಲವೋ, ಸ್ಥಳವೋ, ತೆರೆದ ದಾರಿಯೋ ದೊರೆಯಬೇಕು. ಆಂಡರ್ಸನ್ನನ ಎಣಿಕೆ ಎಲ್ಲ ಸಲವೂ ಪರಿಪೂರ್ಣವಾಗಿತ್ತೆಂದು ಹೇಳಲಾಗದು. ಈ ಎರಡು ಆಟಗಳಲ್ಲಿಯೂ ಎದುರಾಳಿಗಳಿಗೆ ಇನ್ನೂ ಉತ್ತಮವಾದ ನಡೆಗಳಿದ್ದುವೆಂದು ಮುಂದಿನವರು ಕಂಡುಕೊಂಡಿದ್ದಾರೆ. ಆದರೂ ಅವುಗಳ ಸೊಬಗು ಕುಂದಿಲ್ಲ.

ಕಾಯಿಯನ್ನು ಕೊಡುವುದು ಕಷ್ಟ. ಕೀರ್ತಿಯನ್ನು ಬಿಟ್ಟುಕೊಡುವುದು ಅದಕ್ಕಿಂತ ಕಷ್ಟ. ಆ ಪರೀಕ್ಷೆ ಆಂಡರ್ಸನ್‌ಗೆ 1858ರಲ್ಲಿ ಎದುರಾಯಿತು. ಅಮೆರಿಕದಿಂದ ಪಾಲ್ ಮಾರ್ಫಿ ಎಂಬ ಇಪ್ಪತ್ತೊಂದು ವರ್ಷದ ತರುಣನು ಯೂರೋಪಿಗೆ ಬಂದು, ಎದುರಾದವರನ್ನೆಲ್ಲ ಸೋಲಿಸುತ್ತಿದ್ದನು. ಆಗ ಆಂಡರ್ಸನ್‌ಗೆ ನಲವತ್ತು ವರ್ಷ. ಶಾಲೆಯ ಕೆಲಸದ ನಡುವೆ ಅವನಿಗೆ ತಕ್ಕ ಅಭ್ಯಾಸ ದೊರೆತಿರಲಿಲ್ಲ. ಆದರೂ ಕ್ರಿಸ್‌ಮಸ್ ರಜೆಯಲ್ಲಿ ಪ್ಯಾರಿಸ್ಸಿಗೆ ಹೋಗಿ ಮಾರ್ಫಿಯನ್ನು ಎದುರಿಸಿದನು. ಹನ್ನೊಂದು ಆಟಗಳಲ್ಲಿ ಮಾರ್ಫಿ ಏಳನ್ನು ಗೆದ್ದನು, ಆಂಡರ್ಸನ್ ಎರಡನ್ನು ಗೆದ್ದನು, ಉಳಿದೆರಡು ಸಮವಾದವು. ಅಭ್ಯಾಸವಿರಲಿಲ್ಲವೆಂಬ ನೆಪ ಕೈಯಲ್ಲಿಯೇ ಇತ್ತು. ಆಂಡರ್ಸನ್ ಅದರ ಮರೆಯಲ್ಲಿ ಅಡಗಲಿಲ್ಲ. ಮಾರ್ಫಿ ತನಗಿಂತ ಬಲಶಾಲಿಯೆಂದೂ, ತಾನು ನ್ಯಾಯವಾಗಿಯೇ ಸೋತೆನೆಂದೂ ಒಪ್ಪಿಕೊಂಡನು. ಡುಫ್ರೇನನೊಡನೆ ಆಡಿದಂತೆ ಇಲ್ಲಿಯೂ ಏಕೆ ಆಡಲಿಲ್ಲವೆಂದು ಯಾರೋ ಕೇಳಿದಾಗ, ಹಾಗೆ ಆಡಲು ಮಾರ್ಫಿ ಬಿಡಬೇಕಲ್ಲ ಎಂದು ನಕ್ಕನೆಂದು ಪ್ರತೀತಿ.

ಸೋತವನು ಕುಗ್ಗಲಿಲ್ಲ. ಮಾರ್ಫಿ ಬಹುಬೇಗ ಆಟದಿಂದ ದೂರವಾದನು. ಆಂಡರ್ಸನ್ ಮಾತ್ರ ಪಾಠ ಹೇಳುತ್ತ, ಆಡುತ್ತ ಮುಂದುವರಿದನು. 1862ರಲ್ಲಿ ಲಂಡನ್ನಿನಲ್ಲಿ ನಡೆದ ಎರಡನೆಯ ದೊಡ್ಡ ಸ್ಪರ್ಧೆಯಲ್ಲಿ ಮತ್ತೆ ಪ್ರಥಮನಾದನು. 1865ರಲ್ಲಿ ಬ್ರೆಸ್ಲೌ ವಿಶ್ವವಿದ್ಯಾನಿಲಯವು ಗೌರವ ಡಾಕ್ಟರೇಟ್ ಪದವಿಯನ್ನು ನೀಡಿ ಅವನನ್ನು ಸನ್ಮಾನಿಸಿತು. 1866ರಲ್ಲಿ ವಿಲ್ಹೆಲ್ಮ್ ಸ್ಟೈನಿಟ್ಸ್ ಎಂಬ ಹೊಸ ತಲೆಮಾರಿನ ಆಟಗಾರನು ಎಂಟು ಆಟಗಳನ್ನು ಗೆದ್ದು, ಆರನ್ನು ಸೋತು, ಅವನನ್ನು ಹಿಂದಿಕ್ಕಿದನು. ಆದರೆ 1870ರಲ್ಲಿ ಬಾಡೆನ್-ಬಾಡೆನ್ ಎಂಬಲ್ಲಿ ನಡೆದ ಸ್ಪರ್ಧೆಯಲ್ಲಿ, ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧ ಹೊತ್ತಿಕೊಂಡಿದ್ದ ದಿನಗಳಲ್ಲಿ, ಐವತ್ತೆರಡು ವರ್ಷದ ಆಂಡರ್ಸನ್ ಅದೇ ಸ್ಟೈನಿಟ್ಸ್‌ನನ್ನು ಹಿಂದಿಕ್ಕಿ ಪ್ರಥಮಸ್ಥಾನವನ್ನು ಪಡೆದನು.

ಪ್ರತಿಸ್ಪರ್ಧಿಗಳೂ ಅವನ ಪ್ರಾಮಾಣಿಕತೆಯನ್ನು ಕೊಂಡಾಡುತ್ತಿದ್ದರು. ಆಟದಲ್ಲಿ ತಕರಾರು ಹುಟ್ಟಿದರೆ ಆಂಡರ್ಸನ್ನನ ಮಾತೇ ತೀರ್ಪು. ತೀರ್ಪು ತನ್ನ ಪ್ರತಿಸ್ಪರ್ಧಿಗೆ ಅನುಕೂಲವಾದರೂ ಅವನು ಸತ್ಯವನ್ನೇ ಹೇಳುತ್ತಿದ್ದನೆಂದು ಸ್ಟೈನಿಟ್ಸ್‌ನೇ ಬರೆದಿದ್ದಾನೆ. ತಿಳಿದುದನ್ನು ಇತರರಿಗೆ ಕಲಿಸುವುದರಲ್ಲಿಯೂ ಅವನು ಜಿಪುಣನಾಗಿರಲಿಲ್ಲ. ಬ್ರೆಸ್ಲೌ ನಗರದಲ್ಲಿ ಅವನ ಬಳಿ ಪಳಗಿದ ಝುಕೆರ್ಟೋರ್ಟ್ ಎಂಬ ತರುಣನು 1871ರಲ್ಲಿ ಗುರುವನ್ನೇ ಸೋಲಿಸಿದನು. ಮುಂದೆ 1886ರಲ್ಲಿ ವಿಶ್ವವಿಜೇತ ಪದವಿಗಾಗಿ ಮೊದಲ ಅಧಿಕೃತ ಪಂದ್ಯ ನಡೆದಾಗ ಹಾಸಿನ ಎರಡು ಬದಿಗಳಲ್ಲಿ ಕುಳಿತವರು ಸ್ಟೈನಿಟ್ಸ್ ಮತ್ತು ಝುಕೆರ್ಟೋರ್ಟ್. ಇಬ್ಬರೂ ಆಂಡರ್ಸನ್ನನೊಡನೆ ಸೆಣಸಿ ಬೆಳೆದವರೇ.

1877ರಲ್ಲಿ ಲೈಪ್ಜಿಗ್ ನಗರದಲ್ಲಿ ಒಂದು ಅಪೂರ್ವ ಸ್ಪರ್ಧೆ ನಡೆಯಿತು. ಬಾಲಕ ಆಂಡರ್ಸನ್ ಚದುರಂಗ ಕಲಿತು ಐವತ್ತು ವರ್ಷ ತುಂಬಿದುದರ ನೆನಪಿಗಾಗಿ ಅಭಿಮಾನಿಗಳು ಅದನ್ನು ಏರ್ಪಡಿಸಿದ್ದರು. ಐವತ್ತೊಂಬತ್ತು ವರ್ಷದ ಆತನು ಸನ್ಮಾನವನ್ನು ಸ್ವೀಕರಿಸಿ ಸುಮ್ಮನೆ ಕೂರಲಿಲ್ಲ. ತಾನೂ ಸ್ಪರ್ಧಿಸಿ ಎರಡನೆಯ ಸ್ಥಾನವನ್ನು ಹಂಚಿಕೊಂಡನು. 1879ನೆಯ ಮಾರ್ಚ್ 13ರಂದು ಹುಟ್ಟೂರಿನಲ್ಲಿಯೇ ಆತನು ಕಾಲವಾದನು.

ಎರಡನೆಯ ಮಹಾಯುದ್ಧದಲ್ಲಿ ಬ್ರೆಸ್ಲೌ ನಗರದ ಮೇಲೆ ಬಾಂಬುಗಳು ಬಿದ್ದು ಆಂಡರ್ಸನ್ನನ ಸಮಾಧಿಗೆ ಧಕ್ಕೆಯಾಯಿತು. ಯುದ್ಧಾನಂತರ ಆ ನಗರ ಪೋಲೆಂಡಿಗೆ ಸೇರಿ, ವ್ರೊಟ್ಸ್ವಾಫ್ ಎಂಬ ಪೋಲಿಷ್ ಹೆಸರಿನಿಂದ ಪರಿಚಿತವಾಯಿತು. ಯುದ್ಧದ ಗಾಯ ಇನ್ನೂ ಮಾಯದಿದ್ದ ಆ ದಿನಗಳಲ್ಲಿ, 1957ರಲ್ಲಿ, ಪೋಲೆಂಡಿನ ಚದುರಂಗ ಸಂಘವು ಈ ಜರ್ಮನ್ ಉಪಾಧ್ಯಾಯನ ಅವಶೇಷಗಳನ್ನು ಬೇರೊಂದು ರುದ್ರಭೂಮಿಯಲ್ಲಿ ಗೌರವದಿಂದ ಮತ್ತೆ ಸಮಾಧಿಮಾಡಲು ನಿರ್ಧರಿಸಿತು. ದೇಶದೇಶಗಳ ನಡುವಿನ ಹಗೆಯು ಆಟಗಾರರ ಕೃತಜ್ಞತೆಯನ್ನು ತಡೆಯಲಿಲ್ಲ.

ಗೆದ್ದವರನ್ನು ಲೋಕ ಮೆಚ್ಚುವುದು ಸಹಜ. ಆಂಡರ್ಸನ್ ಗೆದ್ದುದಕ್ಕಿಂತಲೂ ಗೆದ್ದ ಬಗೆಯಿಂದ, ಸೋತುದಕ್ಕಿಂತಲೂ ಸೋಲನ್ನು ಒಪ್ಪಿದ ಬಗೆಯಿಂದ ದೊಡ್ಡವನಾದನು. ಯಾವುದನ್ನು, ಯಾವಾಗ, ಏತಕ್ಕಾಗಿ ಬಿಟ್ಟುಕೊಡಬೇಕು ಎಂಬ ವಿವೇಕ ಅವನಿಗಿತ್ತು. ಹಾಸಿನ ಮೇಲೆ ಕುದುರೆಯನ್ನು ಕೊಟ್ಟ ಕೈಯೇ, ಆಟ ಮುಗಿದಾಗ ತನ್ನನ್ನು ಸೋಲಿಸಿದವನ ಕೈಯನ್ನು ಸಂತೋಷದಿಂದ ಹಿಡಿಯಿತು.