ಓಗೊಟ್ಟದ್ದು ಯಾರು? – ಪಿಂಗ್ ಬರೆದ ಮೈಕ್ ಮೂಸ್

ಕಳೆದ ಸೆಮಿಸ್ಟರ್‌ನ ನೆಟ್‌ವರ್ಕ್ಸ್ ಲ್ಯಾಬ್. ಒಂದೇ ಲ್ಯಾಪ್‌ಟಾಪ್‌ನಲ್ಲಿ ಎರಡು ವರ್ಚುವಲ್ ಮಷಿನ್ ಹಾಕ್ಕೊಂಡು, ಮೊದಲನೆಯದರಿಂದ ಎರಡನೆಯದಕ್ಕೆ ಎಸ್‌ಎಸ್‌ಎಚ್ ಮಾಡ್ಬೇಕಿತ್ತು. ಬಂದಿದ್ದು ಕನೆಕ್ಷನ್ ರೆಫ್ಯೂಸ್ಡ್ ಅನ್ನೋ ಎರರ್. ಎರಡನೇ ಮಷಿನ್‌ನಲ್ಲಿ ಸರ್ವರ್ ಓಡ್ತಾ ಇರೋದನ್ನ ಕಣ್ಣಾರೆ ನೋಡಿದ್ದೀವಿ. ಪಿಂಗ್ ಮಾಡಿದ್ರೆ ಉತ್ತರಾನೂ ಬರುತ್ತೆ, ಒಂದು ಪ್ಯಾಕೆಟ್ಟೂ ಕಳೆದಿಲ್ಲ. ಸರ್ವರ್ ತೆಗೆದು ಮತ್ತೆ ಹಾಕಿದೆವು, ಫೈರ್‌ವಾಲ್ ಆಫ್ ಮಾಡಿದೆವು, ಕೊನೆಗೆ ಇಡೀ ಮಷಿನ್ನನ್ನೇ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಿದೆವು. ಎರರ್ ಮಾತ್ರ ಜಗ್ಗಲಿಲ್ಲ. ತಪ್ಪು ಎಲ್ಲಿತ್ತು ಅನ್ನೋದನ್ನ ಕೊನೆಯಲ್ಲಿ ಹೇಳ್ತೀವಿ. ಅದು ಸಿಕ್ಕ ದಿನ ನಮಗೊಂದು ಕುತೂಹಲ ಹುಟ್ಟಿತು: ದಿನಕ್ಕೆ ಹತ್ತು ಸಲ ಟೈಪ್ ಮಾಡೋ ಈ ಪುಟ್ಟ ಕಮಾಂಡನ್ನ ಬರೆದವರು ಯಾರು?

ಅವರ ಹೆಸರು ಮೈಕಲ್ ಜಾನ್ ಮೂಸ್. ಎಲ್ಲರಿಗೂ ಮೈಕ್ ಮೂಸ್. (ನೆಟ್‌ವರ್ಕ್‌ನ ದೋಷಗಳನ್ನ ಮೂಸಿ ಕಂಡುಹಿಡಿದವರಿಗೆ ಕನ್ನಡದಲ್ಲಿ ಇದಕ್ಕಿಂತ ಒಪ್ಪುವ ಹೆಸರು ಸಿಗಲಿಕ್ಕಿಲ್ಲ!) ಹುಟ್ಟಿದ್ದು 1958ರ ಅಕ್ಟೋಬರ್ 16. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿ 1979ರಲ್ಲಿ ಪದವಿ ಪಡೆದರು. ಓದುವಾಗಲೇ ಸೋನಾರ್ ಮತ್ತು ರೇಡಾರ್ ವ್ಯವಸ್ಥೆಗಳ ಮಾಡೆಲಿಂಗ್‌ನಲ್ಲಿ ತುಂಬಾ ಕೆಲಸ ಮಾಡಿದ್ದರು. ನೀರಿನಲ್ಲಿ ಒಂದು ಸದ್ದು ಕಳಿಸು, ಅದು ಬಡಿದು ವಾಪಸ್ ಬರೋವರೆಗೆ ಕಾಯಿ, ಹಿಡಿದ ಸಮಯದಿಂದ ದೂರ ಲೆಕ್ಕ ಹಾಕು. ಸೋನಾರ್ ಅಂದ್ರೆ ಇಷ್ಟೇ. ಈ ಪಾಠವನ್ನ ಅವರು ಮರೆಯಲಿಲ್ಲ.

ಆಮೇಲೆ ಅವರು ಕೆಲಸ ಮಾಡಿದ್ದು ಮೇರಿಲ್ಯಾಂಡ್‌ನ ಅಬರ್ಡೀನ್‌ನಲ್ಲಿದ್ದ ಅಮೆರಿಕ ಸೇನೆಯ ಬ್ಯಾಲಿಸ್ಟಿಕ್ ರಿಸರ್ಚ್ ಲ್ಯಾಬೊರೇಟರಿಯಲ್ಲಿ. ಕಂಪ್ಯೂಟರ್ ಚರಿತ್ರೆ ಓದಿದವರಿಗೆ ಈ ಲ್ಯಾಬ್ ಹೊಸದಲ್ಲ. ಫಿರಂಗಿ ಗುಂಡಿನ ಪಥವನ್ನ ಲೆಕ್ಕ ಹಾಕೋಕೆ ಅಂತ ಎನಿಯಾಕ್ ಕಂಪ್ಯೂಟರನ್ನ ಕಟ್ಟಿಸಿದ್ದು ಇದೇ ಲ್ಯಾಬ್‌ಗಾಗಿ.

ಈಗ 1983ಕ್ಕೆ ಬರೋಣ. ಆ ವರ್ಷದ ಜನವರಿ 1ರಂದು ಅರ್ಪಾನೆಟ್ ಹಳೆಯ ಪ್ರೋಟೋಕಾಲ್ ಬಿಟ್ಟು ಟಿಸಿಪಿ/ಐಪಿಗೆ ಬದಲಾಯಿತು. ದಾರಿಯಲ್ಲಿ ತೊಂದರೆಯಾದರೆ ತಿಳಿಸೋಕೆ ಐಸಿಎಂಪಿ ಅನ್ನೋ ಪುಟ್ಟ ಪ್ರೋಟೋಕಾಲ್ ಇತ್ತು. ಜಾನ್ ಪೋಸ್ಟೆಲ್ ಅದರ ವಿವರಗಳನ್ನ 1981ರಲ್ಲೇ ಬರೆದಿಟ್ಟಿದ್ದರು. ಅದರಲ್ಲಿ ಎಕೋ ಅಂತ ಒಂದು ಸಂದೇಶ. ಒಬ್ಬರು ಕೂಗಬೇಕು, ಇನ್ನೊಬ್ಬರು ಬಂದದ್ದನ್ನ ಹಾಗೇ ವಾಪಸ್ ಕಳಿಸಬೇಕು. ನಮ್ಮ ಭಾಷೆಯಲ್ಲಿ ಓಗೊಡೋದು. 1983ರ ಜುಲೈನಲ್ಲಿ ನಾರ್ವೆಯಲ್ಲಿ ನಡೆದ ಒಂದು ಸಭೆಯಲ್ಲಿ ಡೇವ್ ಮಿಲ್ಸ್ ಅವರು, ಈ ಎಕೋ ಪ್ಯಾಕೆಟ್‌ಗಳಿಂದ ದಾರಿಯ ವಿಳಂಬವನ್ನ ಅಳೆದ ಬಗ್ಗೆ ಮಾತಾಡಿದ್ದರು. ಮೂಸ್ ಅದನ್ನ ಕಿವಿಗೆ ಹಾಕ್ಕೊಂಡು ಊರಿಗೆ ಮರಳಿದರು.

ಡಿಸೆಂಬರ್‌ನಲ್ಲಿ ಅವರ ಲ್ಯಾಬ್‌ನ ನೆಟ್‌ವರ್ಕ್ ವಿಚಿತ್ರವಾಗಿ ಆಡೋಕೆ ಶುರುವಾಯಿತು. ಮೂಸ್‌ಗೆ ಆಗ 25 ವರ್ಷ. ಮಿಲ್ಸ್ ಹೇಳಿದ್ದು ನೆನಪಾಗಿ, ಸಂಜೆ ಕೂತು ಪ್ರೋಗ್ರಾಂ ಬರೆದರು. ಒಂದು ಎಕೋ ಪ್ಯಾಕೆಟ್ ಕಳಿಸು, ಕಳಿಸಿದ ಸಮಯವನ್ನ ಅದರೊಳಗೇ ಬರೆದಿಡು, ವಾಪಸ್ ಬಂದಾಗ ಕಳೆದು ನೋಡು. ಸೆಕೆಂಡಿಗೊಂದರಂತೆ ಕಳಿಸ್ತಾ ಇರು. ಕೋಡ್ ಕಂಪೈಲ್ ಆಯಿತು, ಆದರೆ ಓಡಲಿಲ್ಲ! ಐಸಿಎಂಪಿಗೆ ಬೇಕಾದ ರಾ ಸಾಕೆಟ್ ಸೌಲಭ್ಯವೇ ಆ ಯುನಿಕ್ಸ್ ಕರ್ನಲ್‌ನಲ್ಲಿ ಇರಲಿಲ್ಲ. ನಾವಾಗಿದ್ರೆ ಲ್ಯಾಪ್‌ಟಾಪ್ ಮುಚ್ಚಿ ಕ್ಯಾಂಟೀನ್‌ಗೆ ಹೋಗ್ತಿದ್ದೆವು. ಮೂಸ್ ಸಿಟ್ಟಿನಿಂದ ಕರ್ನಲ್ಲಿಗೇ ಕೈ ಹಾಕಿ, ಆ ಭಾಗವನ್ನೂ ಬರೆದು, ಬೆಳಗಾಗೋ ಮುಂಚೆ ಎಲ್ಲ ಸರಿಮಾಡಿದರು.

ತಮಾಷೆ ಏನಂದ್ರೆ, ಅವರು ಮೊದಲ ಪಿಂಗ್ ಪ್ಯಾಕೆಟ್ ಕಳಿಸೋ ಮುಂಚೆಯೇ ಅವರ ಸಹೋದ್ಯೋಗಿಯೊಬ್ಬರು ಹಾರ್ಡ್‌ವೇರ್ ದೋಷವನ್ನ ಕಂಡುಹಿಡಿದು ರಿಪೇರಿ ಮಾಡಿಬಿಟ್ಟಿದ್ದರು. ಯಾವ ತೊಂದರೆಗಾಗಿ ರಾತ್ರಿ ನಿದ್ದೆಗೆಟ್ಟರೋ, ಆ ತೊಂದರೆಗೆ ಪಿಂಗ್ ಬೇಕಾಗಲೇ ಇಲ್ಲ!

ಸೋನಾರ್‌ನ ಸದ್ದಿನ ನೆನಪಿಗೆ ಪಿಂಗ್ ಅಂತ ಹೆಸರಿಟ್ಟರು. ಅದಕ್ಕೆ ಉದ್ದನೆಯ ಫುಲ್ ಫಾರ್ಮ್ ಕಟ್ಟಿದ್ದು ಬೇರೆಯವರು. ವೈವಾದಲ್ಲಿ ಕೇಳಿದ್ರೆ ಧೈರ್ಯವಾಗಿ ಹೇಳಿ, ಬರೆದವರ ಲೆಕ್ಕದಲ್ಲಿ ಅದು ಸಂಕ್ಷಿಪ್ತ ರೂಪವೇ ಅಲ್ಲ. ಸುಮಾರು ಸಾವಿರ ಸಾಲಿನ ಆ ಕೋಡನ್ನ, ಕರ್ನಲ್ ಬದಲಾವಣೆ ಸಮೇತ, ಬರ್ಕ್ಲಿಯವರು ಖುಷಿಯಿಂದ ತಮ್ಮ ಯುನಿಕ್ಸ್‌ಗೆ ಸೇರಿಸಿಕೊಂಡರು. ಯಾರು ಬೇಕಾದ್ರೂ ಬಳಸಬಹುದಾಗಿದ್ದರಿಂದ ಅದು ಅಲ್ಲಿಂದ ಮುಂದೆ ವಿಂಡೋಸ್‌ವರೆಗೂ ಹೋಯಿತು.

ಪಿಂಗ್ ಬಗ್ಗೆ ಕೇಳಿದ ಕಥೆಗಳಲ್ಲಿ ಮೂಸ್‌ಗೆ ಬಲು ಇಷ್ಟವಾದದ್ದು ಒಬ್ಬ ನೆಟ್‌ವರ್ಕ್ ಅಡ್ಮಿನ್‌ದು. ಅವರ ಕಟ್ಟಡದಲ್ಲಿ ಎಲ್ಲೋ ಒಂದು ಈಥರ್ನೆಟ್ ಕನೆಕ್ಟರ್ ಸಡಿಲವಾಗಿತ್ತು, ಯಾವುದು ಅಂತ ಗೊತ್ತಿಲ್ಲ. ಅವರು ಪಿಂಗ್‌ನ ಔಟ್‌ಪುಟ್ಟನ್ನ ಮಾತಾಡೋ ಪ್ರೋಗ್ರಾಂ ಒಂದಕ್ಕೆ ಕೊಟ್ಟು, ಸ್ಟೀರಿಯೋದ ಸದ್ದು ಜೋರಾಗಿಟ್ಟು, ಕಂಪ್ಯೂಟರ್ ಸೆಕೆಂಡಿಗೊಮ್ಮೆ ಪಿಂಗ್ ಪಿಂಗ್ ಅಂತ ಕೂಗ್ತಿರೋವಾಗ ಕಟ್ಟಡವೆಲ್ಲ ಸುತ್ತಿ ಒಂದೊಂದೇ ಕನೆಕ್ಟರ್ ಅಲ್ಲಾಡಿಸಿದರು. ಯಾವುದನ್ನ ಮುಟ್ಟಿದಾಗ ಕೂಗು ನಿಂತಿತೋ ಅದೇ ಕಳ್ಳ!

ಮೂಸ್ ಬದುಕಿನ ದೊಡ್ಡ ಕೆಲಸ ಪಿಂಗ್ ಅಲ್ಲವೇ ಅಲ್ಲ. 1979ರಿಂದ ಅವರು ಕಟ್ಟುತ್ತಾ ಬಂದದ್ದು ಬಿಆರ್‌ಎಲ್-ಕ್ಯಾಡ್ ಅನ್ನೋ ಸಾಲಿಡ್ ಮಾಡೆಲಿಂಗ್ ವ್ಯವಸ್ಥೆ. ಸೇನಾ ವಾಹನಗಳ ಮೂರು ಆಯಾಮದ ಮಾಡೆಲ್ ಮಾಡಿ, ರೇ ಟ್ರೇಸಿಂಗ್‌ನಿಂದ ವಿಶ್ಲೇಷಿಸೋ ಲಕ್ಷಗಟ್ಟಲೆ ಸಾಲಿನ ತಂತ್ರಾಂಶ. ಜೊತೆಗೆ, ಎರಡು ಮಷಿನ್‌ಗಳ ನಡುವೆ ಎಷ್ಟು ವೇಗದಲ್ಲಿ ಡೇಟಾ ಹರಿಯುತ್ತೆ ಅಂತ ಅಳೆಯೋ ಟಿಟಿಸಿಪಿಯ ಹಿಂದೆಯೂ ಅವರ ಕೈ ಇತ್ತು. ಆದರೆ ಲೋಕಕ್ಕೆ ಗೊತ್ತಾಗಿದ್ದು ಒಂದು ರಾತ್ರಿಯ ಕೆಲಸ. ಇದೇ ತನ್ನ ಹೆಸರು ಉಳಿಸುತ್ತೆ ಅಂತ ಆಗಲೇ ಗೊತ್ತಿದ್ದಿದ್ರೆ, ಇನ್ನೊಂದೆರಡು ದಿನ ಕೂತು ಕೆಲವು ಆಪ್ಷನ್ ಸೇರಿಸ್ತಿದ್ದೆನೇನೋ ಅಂತ ಅವರೇ ತಮಾಷೆ ಮಾಡಿ ಬರೆದಿದ್ದರು.

2000ದ ನವೆಂಬರ್ 20ರಂದು ಮೇರಿಲ್ಯಾಂಡ್‌ನ ಹೆದ್ದಾರಿಯೊಂದರಲ್ಲಿ ನಡೆದ ಅಪಘಾತದಲ್ಲಿ ಮೈಕ್ ಮೂಸ್ ತೀರಿಕೊಂಡರು. ವಯಸ್ಸು ಬರೀ 42. ಬಿಆರ್‌ಎಲ್-ಕ್ಯಾಡ್ 2004ರಲ್ಲಿ ಓಪನ್ ಸೋರ್ಸ್ ಆದದ್ದನ್ನ ನೋಡೋಕೆ ಅವರಿರಲಿಲ್ಲ.

ಈಗ ನಮ್ಮ ಲ್ಯಾಬ್‌ಗೆ ವಾಪಸ್. ದಾರಿ ಕಾಣದೆ ಕೂತಿದ್ದಾಗ ಬ್ಯಾಟರಿ ಉಳಿಸೋಕೆ ಅಂತ ಎರಡನೇ ಮಷಿನ್ ಆಫ್ ಮಾಡಿದೆವು. ಮೊದಲನೆಯದರಲ್ಲಿ ಪಿಂಗ್ ಇನ್ನೂ ಓಡ್ತಿತ್ತು. ಉತ್ತರ ಬರ್ತಾನೇ ಇತ್ತು! ಸತ್ತ ಮಷಿನ್ ಓಗೊಡೋದು ಹೇಗೆ?

ಎರಡೂ ಮಷಿನ್ ನ್ಯಾಟ್ ಮೋಡ್‌ನಲ್ಲಿದ್ದವು. ನಾವು ಬಳಸ್ತಿದ್ದ ತಂತ್ರಾಂಶ ಆ ಮೋಡ್‌ನಲ್ಲಿ ಪ್ರತಿ ಮಷಿನ್‌ಗೂ ಒಂದೊಂದು ಪ್ರತ್ಯೇಕ ರೂಟರ್ ಇದ್ದಂತೆ ತೋರಿಸುತ್ತೆ. ಹಾಗಾಗಿ ಎರಡಕ್ಕೂ ಒಂದೇ ವಿಳಾಸ: 10.0.2.15. ನಾವು ಇಷ್ಟು ಹೊತ್ತೂ ಪಿಂಗ್ ಮಾಡ್ತಿದ್ದದ್ದು ನಮಗೆ ನಾವೇ! ಮೊದಲನೇ ಮಷಿನ್‌ನಲ್ಲಿ ಎಸ್‌ಎಸ್‌ಎಚ್ ಸರ್ವರ್ ಹಾಕಿರಲಿಲ್ಲ, ಅದಕ್ಕೇ ರೆಫ್ಯೂಸ್ಡ್. ಎರಡಕ್ಕೂ ಹೋಸ್ಟ್-ಓನ್ಲಿ ಅಡಾಪ್ಟರ್ ಸೇರಿಸಿದೆವು, 192.168.56 ಅಂತ ಶುರುವಾಗೋ ಬೇರೆ ಬೇರೆ ವಿಳಾಸ ಬಂತು, ಲಾಗಿನ್ ಆಯಿತು.

ಈಗ ನಾವು ಇನ್‌ಸ್ಟಾಲ್‌ಗೆ ಓಡೋದಿಲ್ಲ. ಮೊದಲು ಎರಡೂ ಕಡೆ ಐಪಿ ವಿಳಾಸ ನೋಡ್ತೀವಿ. ಆಮೇಲೆ ಹತ್ತಿರದಿಂದ ದೂರಕ್ಕೆ ಪಿಂಗ್: ಮೊದಲು 127.0.0.1, ಆಮೇಲೆ ಗೇಟ್‌ವೇ, ಆಮೇಲೆ ಹೊರಗಿನ ಒಂದು ಐಪಿ, ಕೊನೆಗೆ ಹೆಸರು. ಐಪಿಗೆ ಹೋಗಿ ಹೆಸರಿಗೆ ಹೋಗದಿದ್ರೆ ತಪ್ಪು ಡಿಎನ್‌ಎಸ್‌ನಲ್ಲಿ. ಪಿಂಗ್ ಬರಲಿಲ್ಲ ಅಂದ್ರೆ ಮಷಿನ್ ಸತ್ತಿದೆ ಅಂತಲ್ಲ, ಫೈರ್‌ವಾಲ್ ತಡೆದಿರಬಹುದು. ಪಿಂಗ್ ಬಂತು ಅಂದ್ರೆ ಸರ್ವರ್ ಕೇಳ್ತಿದೆ ಅಂತಲೂ ಅಲ್ಲ, ಐಸಿಎಂಪಿಗೆ ಪೋರ್ಟ್ ಅನ್ನೋದೇ ಇಲ್ಲ. ರೆಫ್ಯೂಸ್ಡ್ ಅಂದ್ರೆ ಸಾಮಾನ್ಯವಾಗಿ ಬಾಗಿಲವರೆಗೆ ಹೋಗಿದ್ದೀವಿ, ಒಳಗೆ ಯಾರೂ ಇಲ್ಲ. ಟೈಮ್ ಔಟ್ ಅಂದ್ರೆ ಕೂಗಿಗೆ ಉತ್ತರವೇ ಬರಲಿಲ್ಲ.

ಇಷ್ಟೆಲ್ಲ ಆದ ಮೇಲೂ ಇನ್ನೊಂದು ಪ್ರಶ್ನೆ ಕೇಳಿಕೊಳ್ತೀವಿ: ಓಗೊಟ್ಟದ್ದು ಯಾರು? ಮೂಸ್ ಕೊಟ್ಟ ಪ್ರೋಗ್ರಾಂ ಉತ್ತರ ತರುತ್ತೆ, ಸಮಯ ಹೇಳುತ್ತೆ. ಉತ್ತರ ಕೊಟ್ಟವರು ನಾವು ಕೂಗಿದವರೇನಾ ಅಂತ ನೋಡೋದು ಮಾತ್ರ ಕೀಬೋರ್ಡ್ ಮುಂದೆ ಕೂತವರ ಕೆಲಸ.