ಹಂಫ್ರಿ ಡೇವಿ: ಲೋಹಕ್ಕೆ ಲೋಹವನ್ನು ಕಾವಲಿಟ್ಟವನು

ಸ್ನಾನದ ಮನೆಯ ಗೀಸರಿನ ಉಕ್ಕಿನ ತೊಟ್ಟಿಯೊಳಗೆ ಬೆರಳು ಗಾತ್ರದ ಒಂದು ಲೋಹದ ಕಡ್ಡಿಯುಂಟು. ನೀರು ಕಾಯಿಸುವುದು ಅದರ ಕೆಲಸವಲ್ಲ. ತೊಟ್ಟಿಗೆ ತುಕ್ಕು ಹಿಡಿಯದಂತೆ ತಾನು ಸವೆಯುವುದೇ ಅದರ ಕೆಲಸ. ಆನೋಡ್ ಎಂದು ಅದರ ಹೆಸರು. ಈ ಉಪಾಯದ ಮೂಲಪುರುಷನು ಸರ್ ಹಂಫ್ರಿ ಡೇವಿ. ಗಣಿದೀಪದ ಕರ್ತೃವೆಂದು ಲೋಕವು ಆತನನ್ನು ಬಲ್ಲದು. ಆತನಿಗೆ ಕಹಿಯುಣಿಸಿದ ಈ ಇನ್ನೊಂದು ಕಾರ್ಯವನ್ನು ನಾವಿಲ್ಲಿ ವಾಚಕರ ಮುಂದಿಡಬಯಸುತ್ತೇವೆ.

ಡೇವಿಯು 1778ರ ಡಿಸೆಂಬರ್ 17ರಂದು ಇಂಗ್ಲೆಂಡಿನ ಪೆನ್‌ಜಾನ್ಸ್ ಎಂಬ ಊರಿನಲ್ಲಿ, ಮರದ ಕೆತ್ತನೆ ಮಾಡುವವನ ಮಗನಾಗಿ ಜನಿಸಿದನು. 1794ರಲ್ಲಿ ತಂದೆ ತೀರಿಕೊಂಡನು. ಐವರು ಮಕ್ಕಳಲ್ಲಿ ಈತನೇ ಹಿರಿಯ. ಊರಿನ ವೈದ್ಯನೊಬ್ಬನಲ್ಲಿ ಕೆಲಸ ಕಲಿಯಲು ಸೇರಿ, ರಸಾಯನಶಾಸ್ತ್ರವನ್ನು ತಾನಾಗಿಯೇ ಓದಿಕೊಂಡನು. ಕಾಲೇಜಿನ ಮೆಟ್ಟಿಲು ತುಳಿಯದ ಈತನು 1801ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಉಪನ್ಯಾಸಕ್ಕೆ ನಿಂತನು. 1807ರಲ್ಲಿ ವಿದ್ಯುತ್ತಿನಿಂದ ಪೊಟ್ಯಾಸಿಯಂ, ಸೋಡಿಯಂಗಳನ್ನೂ, ಮರುವರ್ಷ ಮೆಗ್ನೀಸಿಯಂ ಮೊದಲಾದವನ್ನೂ ಬೇರ್ಪಡಿಸಿದನು. ಇಂದು ಗೀಸರಿನ ಕಡ್ಡಿಯನ್ನು ಹೆಚ್ಚಾಗಿ ಮಾಡುವುದು ಆ ಮೆಗ್ನೀಸಿಯಂನಿಂದಲೇ! ರಟ್ಟು ಕಟ್ಟುತ್ತಿದ್ದ ಮೈಕೇಲ್ ಫ್ಯಾರಡೆಯನ್ನು 1813ರಲ್ಲಿ ಸಹಾಯಕನಾಗಿ ಆರಿಸಿಕೊಂಡವನೂ ಈತನೇ.

ಆ ಕಾಲದ ಯುದ್ಧನೌಕೆಗಳು ಮರದವು; ಅವುಗಳ ತಳಕ್ಕೆ ಹೊದಿಸಿದ ತಾಮ್ರದ ತಗಡು ಸಮುದ್ರದ ಉಪ್ಪುನೀರಿಗೆ ಕರಗಿಹೋಗುತ್ತಿದ್ದಿತು. ಬ್ರಿಟಿಷ್ ನೌಕಾಖಾತೆಯು 1823ರಲ್ಲಿ ಡೇವಿಯ ನೆರವನ್ನು ಕೋರಿತು. ಉಪ್ಪುನೀರಿನಲ್ಲಿ ಎರಡು ಲೋಹಗಳು ಒಂದನ್ನೊಂದು ಮುಟ್ಟಿಕೊಂಡಿದ್ದರೆ, ಸುಲಭವಾಗಿ ಕರಗುವಂಥದು ತಾನು ಕರಗಿ ಇನ್ನೊಂದನ್ನು ಉಳಿಸುವುದೆಂದು ಆತನು ತೋರಿಸಿದನು. ತಾಮ್ರಕ್ಕೆ ಸತುವಿನ ಇಲ್ಲವೆ ಕಬ್ಬಿಣದ ಸಣ್ಣ ತುಂಡನ್ನು ಜೋಡಿಸಿದರೆ ಸಾಕು. 1824ರಲ್ಲಿ ಹಡಗುಗಳ ಮೇಲೆಯೇ ಪರೀಕ್ಷೆ ನಡೆಯಿತು. ಅವುಗಳಲ್ಲೊಂದಾದ ಸಮರಾಂಗ್, ನಮ್ಮ ಕೊಚ್ಚಿಯಲ್ಲಿ ಕಟ್ಟಿದುದು.

ತಾಮ್ರವೇನೋ ಉಳಿಯಿತು. ಆದರೆ ಕರಗುವ ತಾಮ್ರದ ವಿಷವೇ ಅದುವರೆಗೆ ಚಿಪ್ಪುಜೀವಿಗಳನ್ನೂ ಪಾಚಿಯನ್ನೂ ದೂರವಿಟ್ಟಿದ್ದಿತು. ಕರಗುವುದು ನಿಂತೊಡನೆ ಅವು ತಳಕ್ಕೆ ಮುತ್ತಿಕೊಂಡವು. ಹಡಗುಗಳ ವೇಗ ಕುಗ್ಗಿತು. ನೌಕಾಖಾತೆಯು ಉಪಾಯವನ್ನು ಕೈಬಿಟ್ಟಿತು. ರಾಯಲ್ ಸೊಸೈಟಿಯ ಅಧ್ಯಕ್ಷಪೀಠದಲ್ಲಿದ್ದ ಡೇವಿಯು ಟೀಕೆಗೆ ಗುರಿಯಾಗಿ ಬಹಳ ನೊಂದನು. ತಾಮ್ರವನ್ನು ಉಳಿಸಿರೆಂದು ಕೇಳಿದವರೇ, ಅದು ಉಳಿದ ಮೇಲೆ ಮುಖ ತಿರುಗಿಸಿದುದು ನ್ಯಾಯವೆಂದು ನಮಗೆ ತೋರುವುದಿಲ್ಲ. ದೇಹಸ್ಥಿತಿ ಕೆಟ್ಟು 1827ರಲ್ಲಿ ಅಧ್ಯಕ್ಷತೆಯನ್ನು ಬಿಟ್ಟ ಆತನು 1829ರ ಮೇ 29ರಂದು ಜಿನೀವಾದಲ್ಲಿ ಕಾಲವಾದನು, ವಯಸ್ಸು ಐವತ್ತು.

ಗೀಸರಿನಲ್ಲಿ ಚಿಪ್ಪುಜೀವಿಯ ಕಾಟವಿಲ್ಲ. ತೊಟ್ಟಿಯ ಒಳಗಣ ಗಾಜಿನಂಥ ಲೇಪ ಬಿರಿದಲ್ಲಿ ಉಕ್ಕಿಗೆ ನೀರು ತಗಲಿದರೂ, ಡೇವಿಯ ನಿಯಮದಂತೆ ಕಡ್ಡಿಯೇ ಮೊದಲು ಕರಗುತ್ತದೆ. ಗಡಸು ನೀರಿನ ಕಡೆ ಅದು ಬೇಗ ಮುಗಿಯುವುದುಂಟು. ವರ್ಷಕ್ಕೊಮ್ಮೆ ಮೆಕ್ಯಾನಿಕ್‌ನನ್ನು ಕರೆದು, ವಿದ್ಯುತ್ತನ್ನೂ ನೀರನ್ನೂ ನಿಲ್ಲಿಸಿ, ತೊಟ್ಟಿಯನ್ನು ಬರಿದುಮಾಡಿಸಿ, ಕಡ್ಡಿಯನ್ನು ಹೊರತೆಗೆಸಿ ನೋಡಬೇಕು. ನಡುವಿನ ಉಕ್ಕಿನ ತಂತಿ ಕಾಣತೊಡಗಿದ್ದರೆ ಹೊಸದನ್ನು ಹಾಕಿಸತಕ್ಕದ್ದು. ತಡಮಾಡಿದರೆ ಮುಂದೆ ಸವೆಯುವುದು ತೊಟ್ಟಿಯೇ.